ಸಂಜೆ ಅಳಿಸಿಹೋದ ಪ್ರಶ್ನೆ

ಬೀಗರು ಬೆಳಿಗ್ಗೆಯಿಂದ ಮಾತಾಡುತ್ತಿಲ್ಲ.

ಹಾಗಂತ ಪೂರ್ತಿ ಮೌನವೇನಲ್ಲ. "ಗುಡ್ ಮಾರ್ನಿಂಗ್ ಮೇಡಂ" ಅಂದಿದ್ದಾನೆ. "ಲಾಗಿನ್ ಸರಿಯಾಗಿದೆ ಮೇಡಂ" ಅಂದಿದ್ದಾನೆ. ಆ "ಮೇಡಂ" ಅನ್ನುವುದೇ ಅವಳಿಗೆ ಚುಚ್ಚುತ್ತಿದೆ. ನಿನ್ನೆ ಮಧ್ಯಾಹ್ನದವರೆಗೂ ಅವಳು ಅವನಿಗೆ "ಟೀಚರ್" ಆಗಿದ್ದಳು. ರಾತ್ರಿ ಕಳೆದು ಬೆಳಗಾಗುವುದರೊಳಗೆ ಮೇಡಂ ಆಗುವಂಥದ್ದು ಏನು ನಡೆಯಿತು?

ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಎದ್ದು ಹೋಗಿ ನೀರು ಕುಡಿದು ಬಂದಳು. ಬಾಯಾರಿಕೆ ಇರಲಿಲ್ಲ. ನೀರಿನ ಮೆಷಿನ್ ಅವನ ಕುರ್ಚಿಯ ಹಿಂದಿತ್ತು, ಅಷ್ಟೇ.

ಅವನು ಬೀಗರಾದ ಕಥೆ ಸಣ್ಣದು. ಊರೂರಿಗೆ ಔಷಧಿ ಸಾಗಿಸುವ ಈ ಕಂಪನಿಯ ಸರ್ವರ್‌ಗಳ ಮೇಲೆ ಯಾರು ಬೇಕಾದರೂ ಬಳಸಬಹುದಾದ ಓಪನ್ ಸೋರ್ಸ್ ಕ್ಲೌಡ್ ಒಂದನ್ನು ಕಟ್ಟಿ ನಿಲ್ಲಿಸಿದವಳು ಅವಳು. ಯಾರಿಗೆ ಕಂಪ್ಯೂಟರ್ ಬೇಕೋ ಅವರಿಗೆ ಅದು ತನ್ನೊಳಗೇ ಒಂದು ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರ್, ಮಾಡಿ ಕೊಡುತ್ತದೆ, ಬೇಡವಾದಾಗ ಅಳಿಸುತ್ತದೆ. ಈಗ ಕಂಪನಿ ಅದರ ಮೇಲೆ ಒಂದು ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಕೊಂಡಿತ್ತು. ಯಾವ ಮೆಷಿನ್ ಯಾರದು, ಯಾರು ಮಾಡಿದರು, ಯಾರು ಅಳಿಸಿದರು, ಎಲ್ಲವೂ ಅದರ ಒಂದೇ ಪರದೆಯಲ್ಲಿ ಕಾಣಬೇಕು. ಎರಡನ್ನೂ ಜೋಡಿಸಲು ಬಂದವನು ಇವನು. "ನಮ್ಮ ಹುಡುಗಿಗೆ ಗಂಡು ಬಂತು ನೋಡಿ," ಎಂದು ಮ್ಯಾನೇಜರು ಮೊದಲ ಮೀಟಿಂಗಿನಲ್ಲೇ ಕ್ಲೌಡಿನ ಕಡೆ ಕೈ ತೋರಿಸಿ ನಕ್ಕಿದ್ದರು. ಅಂದಿನಿಂದ ಗಂಡಿನ ಕಡೆಯ ಅವನು ಇಡೀ ಆಫೀಸಿಗೆ ಬೀಗರು. ಕಾಫಿ ಕೊಡುವವರು ಕೂಡ "ಬೀಗರಿಗೆ ಸಕ್ಕರೆ ಎಷ್ಟು?" ಎಂದೇ ಕೇಳುತ್ತಿದ್ದರು.

ಬಂದ ದಿನವೇ ಅವನು ಟೆಸ್ಟ್-ಒಂದು, ಟೆಸ್ಟ್-ಎರಡು ಎಂದು ಮೆಷಿನ್ ಮಾಡಿ ಅವಳಿಂದ ಬೈಸಿಕೊಂಡಿದ್ದ.

"ಇದೇನ್ರೀ, ಹೆಸರಿಗೂ ಬಡತನವಾ? ಅರ್ಥ ಆಗೋ ಹಾಗೆ ಹೆಸರಿಡಿ. ಸಂಜೆ ಹೊರಡೋಕೆ ಮುಂಚೆ ನಿಮ್ಮ ಕಸ ನೀವೇ ಗುಡಿಸಿ ಹೋಗಿ."

"ಆಯ್ತು ಟೀಚರ್," ಅಂದಿದ್ದ, ತಲೆ ತಗ್ಗಿಸಿ, ತುಟಿಯ ಮೂಲೆಯಲ್ಲಿ ನಗು ಬಚ್ಚಿಟ್ಟು.

ಮರುದಿನ ಅವಳ ಪರದೆಯಲ್ಲಿ ಹೊಸ ಮೆಷಿನ್ ಕಂಡಿತು. ಅದರ ಹೆಸರು ಟೀಚರ್-ಗೆ-ಕೋಪ-ಜಾಸ್ತಿ.

ಅವಳು ನಗಲಿಲ್ಲ. ನಗು ಬಂದರೂ ನುಂಗಿಕೊಂಡು, ತನ್ನ ಕಡೆಯಿಂದ ಒಂದು ಮೆಷಿನ್ ಮಾಡಿದಳು: ಬೀಗರಿಗೆ-ಬುದ್ಧಿ-ಕಮ್ಮಿ. ಈ ಕಡೆ ಮಾಡಿದ್ದು ಆ ಕಡೆ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕಿತ್ತಲ್ಲ! ಕೆಲಸಕ್ಕೆ ಕೆಲಸವೂ ಆಯಿತು. ಅವನ ಸಾಫ್ಟ್‌ವೇರ್ ಐದು ನಿಮಿಷಕ್ಕೊಮ್ಮೆ ಕ್ಲೌಡನ್ನು ಇಣುಕಿ ನೋಡುತ್ತಿತ್ತು. ಆ ಐದು ನಿಮಿಷ ಅವಳು ಮಾನಿಟರಿನ ಅಂಚಿನಿಂದ ಅವನ ಕಿವಿಯನ್ನೇ ನೋಡುತ್ತ ಕೂತಳು. ಅವನಿಗೆ ನಗು ಬಂದರೆ ಮೊದಲು ಕೆಂಪಾಗುವುದು ಕಿವಿ. ಕಿವಿ ಕೆಂಪಾಯಿತು. ಅವಳಿಗೆ ಯಾವುದೋ ದೊಡ್ಡ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು.

ಒಂದೇ ಮೇಜಿನ ಎರಡು ತುದಿಯಲ್ಲಿ ಕೂತವರು ಬಾಯಿ ಬಿಟ್ಟು ಮಾತಾಡಬಹುದಿತ್ತು. ಆಡಲಿಲ್ಲ. ಮೆಷಿನ್‌ಗಳು ಮಾತಾಡಿದವು. ಹಸಿವಾಗ್ತಿದೆ-ಬರ್ತೀರಾ. ಇವತ್ತು-ಬಳೆ-ಚೆನ್ನಾಗಿದೆ. ಪರದೆ-ನೋಡಿ-ಬಳೆ-ಅಲ್ಲ. ಟೀಚರ್ ಹೇಳಿದ ಹಾಗೆ ಅವನು ಸಂಜೆ ಹೊರಡುವ ಮುನ್ನ ಎಲ್ಲವನ್ನೂ ತಾನೇ ಅಳಿಸಿ ಹೋಗುತ್ತಿದ್ದ. ಅವಳು ಮನೆಗೆ ಹೋಗಿ ಆ ಹೆಸರುಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಓದುತ್ತಿದ್ದಳು.

ಕೆಲಸ ಮುಗಿಯುತ್ತ ಬಂದಿತ್ತು. ಮುಂದೆ ಆರು ತಿಂಗಳು ಇಲ್ಲೇ ಇದ್ದು ಸಪೋರ್ಟ್ ನೋಡಿಕೊಳ್ಳಲು ಅವನ ಕಂಪನಿಯಿಂದ ಒಬ್ಬರು ಬೇಕಿತ್ತು. "ನೀವೇ ಇರ್ತೀರಾ?" ಎಂದು ಅವಳು ಏನೂ ಅಲ್ಲವೆಂಬ ಹಾಗೆ ಕೇಳಿದ್ದಳು. "ದೂರದಲ್ಲಿ ಇನ್ನೊಂದು ಪ್ರಾಜೆಕ್ಟ್ ಕರೀತಿದೆ. ಇನ್ನೂ ಹೂಂ ಅಂದಿಲ್ಲ," ಅಂದಿದ್ದ, ಅವಳ ಮುಖವನ್ನೇ ಓದುತ್ತ. ಅದು ಮೊನ್ನೆಯ ಮಾತು.

ಇವತ್ತು ಬೆಳಿಗ್ಗೆ ಮ್ಯಾನೇಜರು ಕೈಯಲ್ಲಿ ಕಾಫಿ ಹಿಡಿದು ಬಂದವರೇ, "ಬೀಗರು ನಾಳೆ ಹೊರಡ್ತಾರಂತೆ. ಅವರ ಜಾಗಕ್ಕೆ ಬೇರೆಯವರು ಬರ್ತಾರೆ. ಮೂರು ಗಂಟೆಗೆ ಮೀಟಿಂಗ್, ನೀವು ಓಕೆ ಅಂದ್ರೆ ಕೆಲಸ ಮುಗೀತು," ಎಂದು ಹೇಳಿಹೋದರು.

ಅವಳು ಮೇಜಿನ ಆ ತುದಿಯತ್ತ ನೋಡಿದಳು. ಕಿವಿ ಕೆಂಪಾಗಿರಲಿಲ್ಲ.

ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಹೊಲಿಗೆ ಅಂಗಡಿಯವಳು. ಹಿಂದಿನಿಂದ ಮೆಷಿನ್ನಿನ ಗಡಗಡ ಕೇಳುತ್ತಿತ್ತು.

"ಅಕ್ಕಾ, ಒಬ್ರು ಇದ್ದಕ್ಕಿದ್ದ ಹಾಗೆ ಮಾತು ಬಿಟ್ರೆ ಏನರ್ಥ?"

"ಯಾರು, ಬೀಗರಾ?"

"ಯಾರೋ ಒಬ್ರು."

"ಆ ಯಾರೋ ಒಬ್ರ ಬಗ್ಗೆ ಎಷ್ಟು ದಿನದಿಂದ ನನ್ನ ತಲೆ ತಿಂತಿದ್ದೀಯ! ನಿಂಗೇನು ಬಾಯಿಲ್ವಾ? ಹೋಗಿ ಕೇಳು. ನೆತ್ತಿ ಮೇಲೆ ಹೊಡೆದ ಹಾಗೆ ಕೇಳು. ಇಲ್ಲಿ ಒಂದು ಕಾಲರ್ ಉಲ್ಟಾ ಕೂತಿದೆ, ಫೋನ್ ಇಡು."

ಅವಳು ಸೀದಾ ಹೋಗಿ ಅವನ ಮೇಜಿನ ಮುಂದೆ ನಿಂತಳು. "ಸರ್ವರ್ ರೂಮಿಗೆ ಬನ್ನಿ. ಕೆಲಸ ಇದೆ."

ಸರ್ವರ್ ರೂಮಿನಲ್ಲಿ ಮೈ ನಡುಗಿಸುವ ಚಳಿ. ಸಾಲು ಸಾಲು ಫ್ಯಾನುಗಳ ಸದ್ದಿಗೆ, ಕೂಗಬೇಕು, ಇಲ್ಲ ಹತ್ತಿರ ಬಂದು ಮಾತಾಡಬೇಕು. ಅವನು ಬಾಗಿಲ ಬಳಿಯೇ ನಿಂತ.

"ನಾನೇನು ತಪ್ಪು ಮಾಡಿದೆ?" ಅವಳು ಕೂಗಿದಳು.

"ಏನಿಲ್ಲ ಮೇಡಂ."

"ಇನ್ನೊಂದು ಸಲ ಮೇಡಂ ಅಂದ್ರೆ ನಿಮ್ಮ ಲಾಗಿನ್ ಕಿತ್ತು ಹಾಕ್ತೀನಿ!"

ಅವನ ಮುಖದಲ್ಲಿ ನಗು ಬರಲು ನೋಡಿ ಹಿಂದೆ ಸರಿಯಿತು. ಎರಡು ಹೆಜ್ಜೆ ಹತ್ತಿರ ಬಂದ. "ನಾನು ಕೇಳಿದೆ, ನೀವು ಉತ್ತರ ಕೊಟ್ರಿ. ಮುಗೀತಲ್ಲ. ಮುಖಕ್ಕೆ ಹೊಡೆದ ಹಾಗೆ ಹೇಳದೆ ಸುಮ್ನೆ ಅಳಿಸಿದ್ರಿ. ಒಂದು ಲೆಕ್ಕಕ್ಕೆ ಅದೂ ಮರ್ಯಾದೆನೇ."

"ಏನು ಅಳಿಸಿದೆ?"

"ನಿನ್ನೆ ಸಂಜೆ ನಾನು ಮಾಡಿದ ಮೆಷಿನ್. ನೀವು ಮನೆಯಿಂದಾದ್ರೂ ನೋಡ್ಲಿ ಅಂತಲೇ ಗುಡಿಸದೆ ಬಿಟ್ಟಿದ್ದೆ. ಕಾಯ್ತಾ ಕೂತೆ. ಪರದೆ ಹೊಸದಾಯ್ತು, ಮೆಷಿನ್ ಇರಲಿಲ್ಲ. ಅಳಿಸಿದವರು ಯಾರು ಅನ್ನೋ ಕಡೆ ನಿಮ್ಮ ಹೆಸರಿತ್ತು."

"ನಿನ್ನೆ ಸಂಜೆ ನಾನು ಬೇಗ ಹೊರಟೆ ಅಲ್ವಾ! ಅಕ್ಕನ್ನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ನಾನು ಮುಟ್ಟೇ ಇಲ್ಲ…"

ಅವಳು ಪಕ್ಕದಲ್ಲಿದ್ದ ಖಾಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತಳು.

"ಅಯ್ಯೋ ದೇವರೇ. ನನ್ನ ಪೊರಕೆ."

"ಪೊರಕೆ?"

"ತಾನಾಗೇ ಓಡೋ ಒಂದು ಸ್ಕ್ರಿಪ್ಟ್. ಟೆಸ್ಟ್ ಮೆಷಿನ್ ಯಾರಾದ್ರೂ ಮರೆತು ಹೋಗಿದ್ರೆ ಸಂಜೆ ಅದೇ ಗುಡಿಸಿ ಹಾಕುತ್ತೆ. ನೀವು ದಿನಾ ನೀವೇ ಅಳಿಸ್ತಿದ್ರಿ, ಅದಕ್ಕೆ ಕೆಲಸವೇ ಇರಲಿಲ್ಲ. ನಾನೂ ಮರೆತಿದ್ದೆ. ಅದು ಓಡೋದು…" ಅವಳು ಮುಖ ಮುಚ್ಚಿಕೊಂಡಳು. "ನನ್ನ ಲಾಗಿನ್‌ನಲ್ಲಿ."

ಸ್ವಂತ ಲಾಗಿನ್‌ನಲ್ಲಿ ಸ್ಕ್ರಿಪ್ಟ್ ಓಡಿಸಬಾರದು, ಅದಕ್ಕೆ ಬೇರೆ ಖಾತೆ ಮಾಡಬೇಕು. ಇದನ್ನು ಆಫೀಸಿನಲ್ಲಿ ಎಲ್ಲರಿಗೂ ಹೇಳಿ ಹೇಳಿ ಟೀಚರ್ ಅನ್ನಿಸಿಕೊಳ್ಳಲು ಅರ್ಹಳಾದವಳು ಅವಳು. ತನ್ನದಕ್ಕೆ ಮಾತ್ರ, ಆಮೇಲೆ ಮಾಡಿದರಾಯ್ತು ಅಂದುಕೊಂಡಿದ್ದಳು.

"ಈ ಪಾಠ ನನಗೆ ಅರ್ಧ ಗಂಟೆ ಮಾಡಿದ್ರಿ," ಅಂದ ಅವನು.

"ಮಾಡಿದ್ದೆ."

"ನಾನು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದು ಒಂದು ಪೊರಕೆಯಿಂದ."

"ಬೈಯ್ರಿ, ಬಾಯಿಗೆ ಬಂದ ಹಾಗೆ ಬೈಯ್ರಿ. ಮೊದಲು ಆ ಮೆಷಿನ್ ಹೆಸರೇನು ಹೇಳಿ."

ಟೈಪ್ ಮಾಡುವಾಗ ಇದ್ದ ಧೈರ್ಯ ಅವನ ನಾಲಿಗೆಗೆ ಬರಲಿಲ್ಲ. ಕೊನೆಗೆ ಅವಳ ಕಿವಿಯ ಹತ್ತಿರ ಬಗ್ಗಿದ. ಅಷ್ಟು ಚಳಿಯಲ್ಲಿ ಅವನ ಉಸಿರು ಬೆಚ್ಚಗಿತ್ತು.

"ಉಳಿಯಲಾ-ನಿಮಗಾಗಿ."

ಅವಳು ಉತ್ತರಿಸುವ ಮೊದಲೇ ಅವನು ನೇರವಾಗಿ ನಿಂತ. "ಆದ್ರೆ ನಿನ್ನೆನೇ ನಮ್ಮ ಬಾಸ್‌ಗೆ ಹೋಗ್ತೀನಿ ಅಂತ ಹೇಳಿಬಿಟ್ಟೆ. ಟಿಕೆಟ್ ಕೂಡ ಆಗಿದೆ."

ಅಷ್ಟರಲ್ಲಿ ಬಾಗಿಲು ತೆರೆದು ಯಾರೋ "ಮೀಟಿಂಗ್!" ಎಂದು ಕೂಗಿದರು.

ಮೀಟಿಂಗಿನಲ್ಲಿ ಅವಳಿಗೆ ಕುರ್ಚಿಯ ಮೇಲೆ ಕೂರಲಾಗಲಿಲ್ಲ. ಮ್ಯಾನೇಜರು, "ಸರಿ, ಎಲ್ಲ ಪಾಸ್ ತಾನೇ?" ಅಂದರು.

"ಇಲ್ಲ. ಅಳಿಸಿದವರು ಯಾರು ಅನ್ನೋದು ತಪ್ಪು ಬರ್ತಿದೆ. ತಪ್ಪು ಅವರ ಸಾಫ್ಟ್‌ವೇರಿಂದಲ್ಲ, ನಂದು. ನನ್ನ ಸ್ಕ್ರಿಪ್ಟ್ ನನ್ನ ಲಾಗಿನ್‌ನಲ್ಲಿ ಓಡ್ತಿತ್ತು."

"ನೀವಾ?" ಮ್ಯಾನೇಜರ ಹುಬ್ಬು ಮೇಲೇರಿತು. "ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?"

ಎರಡು ವಾರ ಅಂದುಬಿಡು, ಅಲ್ಲಿಯವರೆಗೆ ಅವನು ಹೋಗುವಂತಿಲ್ಲ ಎಂದು ಮನಸ್ಸು ಹೇಳಿತು. ಅಂದಿದ್ದರೆ ಕೇಳುವವರೂ ಇರಲಿಲ್ಲ. ಆ ಕ್ಲೌಡಿನ ಒಳಹೊರಗು ಗೊತ್ತಿದ್ದವಳು ಅವಳೊಬ್ಬಳೇ. ಅವನೂ ಅವಳನ್ನೇ ನೋಡುತ್ತಿದ್ದ. ಆದರೆ ಸುಳ್ಳು ಹೇಳಿ ಕಟ್ಟಿಹಾಕಿದರೆ ಅವನು ಎಷ್ಟು ದಿನ ನಿಂತಾನು?

"ಒಂದು ಗಂಟೆ," ಅಂದಳು. "ಇನ್ನೊಂದು ವಿಷಯ. ಇವರ ಜಾಗಕ್ಕೆ ಬೇರೆಯವರು ಬೇಡ. ಇವರೇ ಬೇಕು."

"ಯಾಕೆ? ಬರೋರೂ ಕೆಲಸ ಬಲ್ಲೋರೇ ಅಂತೆ."

"ಕೆಲಸಕ್ಕೆ ಯಾರಾದ್ರೂ ಆಗ್ತಾರೆ ಸರ್. ನನಗೆ ಇವರು ಬೇಕು."

ಆಡಿದ ಮಾತು ಅವಳಿಗೂ ಈಗಷ್ಟೇ ಕೇಳಿಸಿದ ಹಾಗಿತ್ತು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. "ಹೆಣ್ಣಿನ ಕಡೆಯವರೇ ಬಾಯಿಬಿಟ್ಟು ಕೇಳ್ತಿದ್ದಾರಲ್ರೀ," ಅಂದರು ಅವನಿಗೆ. "ಕೂತೇ ಇದ್ದೀರಲ್ಲ! ಫೋನ್ ಮಾಡ್ರಿ ನಿಮ್ಮ ಬಾಸ್‌ಗೆ."

ಅವನು ಫೋನ್ ಹಿಡಿದು ಹೊರಗೆ ಹೋದ. ಗಾಜಿನಾಚೆ ಅತ್ತಿಂದಿತ್ತ ನಡೆದ. ತಲೆ ಕೆರೆದುಕೊಂಡ. ಎರಡು ಸಲ ಏನೋ ಹೇಳಹೋಗಿ ಬಾಯಿ ಮುಚ್ಚಿದ. ಅವಳು ಕದ ತೆರೆದು ತಾನೂ ಹೊರಗೆ ಹೋದಳು.

"ಬೈದ್ರು," ಅಂದ ಅವನು, ಫೋನ್ ಜೇಬಿಗಿಳಿಸುತ್ತ. "ಉಗಿದು ಉಪ್ಪಿನಕಾಯಿ ಹಾಕಿದ್ರು."

"ಆಮೇಲೆ?"

"ನಾಳೆ ಹೋಗಲೇಬೇಕು. ಅಲ್ಲಿ ಒಂದು ತಿಂಗಳು ಕೆಲಸ ಶುರು ಮಾಡಿಸಿ, ಬೇರೆಯವರಿಗೆ ಒಪ್ಪಿಸಿ, ಆಮೇಲೆ ಬೇಕಾದ್ರೆ ಇಲ್ಲಿಗೆ ಬಾ ಅಂದ್ರು."

ಅವಳ ಕಣ್ಣು ತುಂಬಿತು. ಸಿಟ್ಟಿಗೋ, ಸಮಾಧಾನಕ್ಕೋ ಅವಳಿಗೇ ತಿಳಿಯಲಿಲ್ಲ.

"ಹಾಗಾದ್ರೆ ಇವತ್ತು ಸಂಜೆ ನಮ್ಮನೆಗೆ ಬಾ. ಅಕ್ಕ ನಿನ್ನ ನೋಡಬೇಕಂತೆ."

"ಅಕ್ಕ ಯಾವಾಗ ಹಾಗಂದ್ರು?"

"ಇನ್ನೂ ಅಂದಿಲ್ಲ," ಅಂದಳು, ನಂಬರ್ ಒತ್ತುತ್ತ. "ಈಗ ಅನ್ನಿಸ್ತೀನಿ, ಇರು."