ಎಣ್ಣೆ ಹಚ್ಚದ ನೆತ್ತಿ

"ಮಗೂ ತಲೆಗೆ ಎಣ್ಣೆ ಹಚ್ಚಿದ್ದೀರಾ?"

ಕಬ್ಬಿಣದ ಬಾಗಿಲಿಗೆ ಅಡ್ಡ ನಿಂತ ಗಂಡಸು ಕೇಳಿದ ಮೊದಲ ಮಾತು ಅದು. ಬನ್ನಿ ಎನ್ನಲಿಲ್ಲ, ಕೂತ್ಕೊಳ್ಳಿ ಎನ್ನಲಿಲ್ಲ.

ಅವಳು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಆರು ವರ್ಷದ ಮಗಳನ್ನು ಹೆಗಲಿಗೆ ಒರಗಿಸಿಕೊಂಡು ಹಡಗು ರಿಪೇರಿ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದಿದ್ದಳು. ಬೆಳಗ್ಗೆ ಬೇಗ ಎದ್ದು, ಮಗುವಿನ ತಲೆಗೆ ನೀಟಾಗಿ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಇದ್ದುದರಲ್ಲೇ ಹೊಳೆಯುವ ಫ್ರಾಕ್ ತೊಡಿಸಿದ್ದಳು. ಮೊದಲ ದಿನ ಅಲ್ಲವೇ? ಯಾರೂ ಮಗಳನ್ನು ನೋಡಿ ಮುಖ ಸಿಂಡರಿಸಬಾರದು ಎಂಬ ಆಸೆ.

"ಹಚ್ಚಿದೀನಿ... ಯಾಕೆ?"

"ಹಾಗಾದ್ರೆ ಇವತ್ತು ಆಗಲ್ಲ. ಎರಡು ಸಲ ತಲೆ ತೊಳೆದು ನಾಳಿದ್ದು ಕರ್ಕೊಂಡು ಬನ್ನಿ." ಅವನ ಕಣ್ಣು ಫ್ರಾಕಿನ ಅಂಚಿಗೆ ಇಳಿಯಿತು. "ಇದೂ ಆಗಲ್ಲ. ನೈಲಾನ್. ಒಳಗೆ ಆಕ್ಸಿಜನ್ ಇರುತ್ತೆ, ಒತ್ತಡ ಇರುತ್ತೆ. ಎಣ್ಣೆ, ನೈಲಾನು, ಬ್ಯಾಟರಿ, ಯಾವುದೂ ಬಿಡಲ್ಲ. ಒಂದು ಕಿಡಿ ಸಾಕು. ಹತ್ತಿ ಬಟ್ಟೆ ಮಾತ್ರ."

"ಬಟ್ಟೆ ವಿಷಯ ನನಗೆ ಹೇಳ್ಕೊಡ್ಬೇಡಿ. ಹದಿನಾಲ್ಕು ವರ್ಷದಿಂದ ಹೊಲಿಗೆ ಹಾಕ್ತಿದೀನಿ!"

"ಹಾಗಿದ್ರೆ ನಿಮಗೇ ಹೊಳೀಬೇಕಿತ್ತು."

ಬಾಗಿಲು ಮುಚ್ಚಿತು.

ಅಬ್ಬಾ, ಎಂಥ ಕಲ್ಲೆದೆಯ ಮನುಷ್ಯ! ಬಸ್ಸಿನಲ್ಲಿ ಹಿಂದಿರುಗುವಾಗ ಅವಳು ಅತ್ತಳು. ಮಗಳ ಘಮಘಮಿಸುವ ನೆತ್ತಿಗೆ ಮೂಗು ಒತ್ತಿ, ಯಾರಿಗೂ ಕಾಣದ ಹಾಗೆ.

ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಹುಟ್ಟಿದಾಗ ಗುಬ್ಬಿ ಅಳಲಿಲ್ಲ. ಆ ಕೆಲವು ನಿಮಿಷಗಳ ಮೌನ ಅವಳ ಮಿದುಳಿನಲ್ಲಿ ಉಳಿದುಬಿಟ್ಟಿತು. ಕುತ್ತಿಗೆ ನಿಲ್ಲಲಿಲ್ಲ, ಮಾತು ಬರಲಿಲ್ಲ, ಆಗಾಗ ಫಿಟ್ಸ್ ಬರುತ್ತಿತ್ತು. ಕಣ್ಣು ತೆರೆದೇ ಇರುತ್ತಿದ್ದವು, ಆದರೆ ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಅವಳಪ್ಪ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದ. ಕೆಲಸ ಸಿಕ್ಕ ಮೇಲೆ ವಿಳಾಸ ಕಳಿಸಲಿಲ್ಲ.

ಒತ್ತಡದ ಕೊಠಡಿಯಲ್ಲಿ ಆಕ್ಸಿಜನ್ ಕೊಡುವ ಚಿಕಿತ್ಸೆಯ ಬಗ್ಗೆ ಹೇಳಿದ್ದು, ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂತಿದ್ದ ಇನ್ನೊಬ್ಬ ತಾಯಿ. ಗುಬ್ಬಿಯ ಅಮ್ಮ ಎಂಟು ಕಡೆ ಫೋನ್ ಮಾಡಿದಳು. ಎಂಟು ಕಡೆಯೂ ಒಂದು ಸಲಕ್ಕೆ ಹೇಳಿದ ದರ ಅವಳ ಒಂದು ತಿಂಗಳ ಹೊಲಿಗೆಗಿಂತ ಹೆಚ್ಚು. ಒಂಬತ್ತನೆಯದು ಈ ಅಂಗಳ. ನೀರಿಗಿಳಿದು ಹಡಗಿನ ತಳ ಬೆಸೆಯುವ ಮುಳುಗುಗಾರರಿಗಾಗಿ ಅವರ ಸಂಘವೇ ಕಟ್ಟಿಸಿದ ಉಕ್ಕಿನ ಕೊಠಡಿ. ವಾರಕ್ಕೆ ಮೂರು ಬೆಳಗ್ಗೆ, ವೈದ್ಯರ ಚೀಟಿ ತಂದರೆ, ಹೊರಗಿನವರಿಗೂ ಕಡಿಮೆ ಶುಲ್ಕಕ್ಕೆ ತೆರೆಯುತ್ತಿದ್ದರು.

"ಇದರಿಂದ ಗುಣ ಆಗುತ್ತೆ ಅಂತ ನಾನು ಹೇಳಲಾರೆ ಕಣಮ್ಮಾ," ಎಂದಿದ್ದರು ಮಕ್ಕಳ ವೈದ್ಯೆ. "ಇಂಥ ಮಕ್ಕಳಿಗೆ ಪ್ರಯೋಜನ ಇದೆ ಅನ್ನೋಕೆ ಗಟ್ಟಿ ಆಧಾರ ಇಲ್ಲ."

"ನಡೆಯೋದು ಬೇಡ ಮೇಡಂ, ಮಾತಾಡೋದೂ ಬೇಡ. ನಾನು ಕರೆದಾಗ ಒಂದೇ ಒಂದು ಸಲ ತಿರುಗಿ ನೋಡಿದ್ರೆ ಸಾಕು."

ವೈದ್ಯೆ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದರು. ಆಮೇಲೆ ಬರೆದುಕೊಟ್ಟರು.

ಆ ಚೀಟಿ ಹಿಡಿದೇ ಅವಳು ಮೂರನೆಯ ದಿನ ಮತ್ತೆ ಆ ಬಾಗಿಲಿಗೆ ಬಂದಳು. ಗುಬ್ಬಿಯ ತಲೆ ಒಣಹುಲ್ಲಿನಂತಿತ್ತು. ಮೈಮೇಲೆ ಹೊಸದಾಗಿ ಹೊಲಿದ ಬಿಳಿ ಹತ್ತಿ ನಿಲುವಂಗಿ. ಗುಂಡಿ ಇಲ್ಲ, ಕಟ್ಟಲು ಲಾಡಿ.

ಅವನು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ. "ದಾರ?"

"ದಾರಾನೂ ಹತ್ತೀದೇ. ನೂಲು ಬಿಚ್ಚಿ ಸುಟ್ಟು ತೋರಿಸ್ಲಾ?"

ಅವನ ಮುಖದಲ್ಲಿ ಏನೋ ಸಡಿಲವಾಯಿತು. ನಗು ಎನ್ನುವಷ್ಟು ಇರಲಿಲ್ಲ.

"ಇಂಥದ್ದೇ ನಮ್ಮವರಿಗೂ ಹೊಲಿದು ಕೊಡ್ತೀರಾ? ಸಂಘದೋರ ಹತ್ರ ಮಾತಾಡ್ತೀನಿ. ಗುಬ್ಬಿ ಶುಲ್ಕ ಅದರಲ್ಲೇ ಹೋಗ್ಲಿ."

ಅಂಗಳದವರು ಆ ಕೊಠಡಿಯನ್ನು ಪೀಪಾಯಿ ಎನ್ನುತ್ತಿದ್ದರು. ಅದನ್ನು ನಡೆಸುತ್ತಿದ್ದ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಪಾಠ ಮಾಡಿದ್ದಕ್ಕಲ್ಲ, ನಿಯಮ ಒಪ್ಪಿಸುತ್ತಿದ್ದ ರೀತಿಗೆ. ಹಿಂದೆ ಅವನೂ ನೀರಿಗಿಳಿಯುತ್ತಿದ್ದವನೇ. ಒಮ್ಮೆ ಆಳದಿಂದ ತುಂಬ ಬೇಗ ಮೇಲೆ ಬಂದು, ಎಡಗಾಲಿನ ಶಕ್ತಿಯನ್ನು ಅಲ್ಲೇ ಬಿಟ್ಟು ಬಂದಿದ್ದ. ಹನ್ನೊಂದು ವರ್ಷದಿಂದ ಕುಂಟುತ್ತ ಒತ್ತಡ ಏರಿಸಿಳಿಸುವ ಈ ಚಕ್ರಗಳನ್ನು ತಿರುಗಿಸುತ್ತಿದ್ದ.

ಒಳಗೆ ಒಂದು ಬೆಂಚು, ಅದರ ಮೇಲೆ ಅವಳು, ತೊಡೆಯಲ್ಲಿ ಗುಬ್ಬಿ. ಹೊರಗೆ ಗುಂಡು ಗಾಜಿನಾಚೆ ಅವನ ಮುಖ. ನಡುವೆ ಗೋಡೆಯ ಸ್ಪೀಕರಿನಲ್ಲಿ ಬರುವ ಧ್ವನಿ.

"ಗುಬ್ಬಿ ಅಮ್ಮಾ, ಶುರು ಮಾಡ್ತೀನಿ. ಅವಳ ಬಾಯಿಗೆ ಎರಡು ಹನಿ ನೀರು ಬಿಡಿ. ನುಂಗಿದ್ರೆ ಕಿವಿ ಹಗುರಾಗುತ್ತೆ... ಹಾಂ, ನಿಧಾನ. ಹುಬ್ಬು ಗಂಟಾಯ್ತು, ನಿಲ್ಲಿಸ್ತೀನಿ. ಅವಸರ ಏನಿಲ್ಲ."

ದೊಡ್ಡವರಿಗೆ ಹತ್ತು ನಿಮಿಷದಲ್ಲಿ ಏರಿಸುವ ಒತ್ತಡವನ್ನು ಗುಬ್ಬಿಗೆ ಅವನು ಅರ್ಧ ಗಂಟೆಯಲ್ಲಿ ಏರಿಸುತ್ತಿದ್ದ. ಕಿವಿ ನೋಯುತ್ತಿದೆ ಎಂದು ಹೇಳಲಾರದ ಮಗು ಅದು. ಅದರ ಹುಬ್ಬು, ತುಟಿ, ಕಾಲ್ಬೆರಳುಗಳನ್ನು ಓದುತ್ತ ಚಕ್ರ ತಿರುಗಿಸುತ್ತಿದ್ದ. ಆಮೇಲೆ ಅವಳು ಗುಬ್ಬಿಯ ತಲೆಗೆ, ಕುತ್ತಿಗೆಯವರೆಗೆ ಮುಚ್ಚುವ ಪಾರದರ್ಶಕ ಟೋಪಿ ತೊಡಿಸಬೇಕಿತ್ತು. ಅದರೊಳಗೆ ಆಕ್ಸಿಜನ್ ಸುಯ್ಯೆನ್ನುತ್ತಿತ್ತು.

ಆರು ವರ್ಷದಲ್ಲಿ ನನ್ನ ಮಗಳ ಮುಖವನ್ನು ಇಷ್ಟು ಹೊತ್ತು ನೋಡಿದವರು ಯಾರಿದ್ದಾರೆ? ನನ್ನನ್ನು ಬಿಟ್ಟರೆ...

ಆ ಯೋಚನೆ ಬಂದಾಗೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು. ತಲೆ ಎತ್ತಿದರೆ ಗಾಜಿನಾಚೆ ಕಣ್ಣುಗಳಿರುತ್ತಿದ್ದವು.

ಒಂದೇ ಮನೆಯಲ್ಲಿದ್ದ ಅಕ್ಕನ ಕಣ್ಣಿಗೆ ಏನು ತಪ್ಪುತ್ತದೆ?

"ಏನೇ, ಪೀಪಾಯಿಯೊಳಗೆ ಕೂರೋಕೆ ಇಷ್ಟೊಂದು ಇಸ್ತ್ರಿ?"

"ಹತ್ತಿ ಬಟ್ಟೆ ಮುದುಡುತ್ತೆ ಅಕ್ಕ."

"ಮುಖಕ್ಕೂ ಪೌಡರು ಬಿದ್ದಿದೆ."

"ಪೌಡರ್ ಬಿಡಲ್ಲ ಅವರು. ಹಾಕ್ಕೊಂಡಿಲ್ಲ!"

"ಅಯ್ಯೋ, ಹಾಗಾದ್ರೆ ಆ ಹೊಳಪು ಎಲ್ಲಿಂದ ಬಂತೇ ಮಾರಾಯ್ತಿ?"

ಅಕ್ಕ ನಕ್ಕಳು. ಅವಳೂ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಇಪ್ಪತ್ತೇಳನೆಯ ಸಲ ಒತ್ತಡ ಇಳಿದು ಬಾಗಿಲು ತೆರೆದಾಗ ಅವಳು ಓಡಿ ಬಂದಂತೆ ಹೊರಬಂದಳು.

"ಮೇಷ್ಟ್ರೇ! ಗುಬ್ಬಿ ನನ್ನ ಬೆರಳು ಹಿಡ್ಕೊಂಡ್ಳು! ಗಟ್ಟಿಯಾಗಿ... ಬರೀರಿ, ಪುಸ್ತಕದಲ್ಲಿ ಬರೀರಿ!"

ಅವನು ಬರೆಯಲಿಲ್ಲ. ದಿನಚರಿ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಅವಳ ಕಣ್ಣು ತಾನಾಗಿ ಅದರ ಮೇಲೆ ಬಿತ್ತು. ಮೊದಲ ದಿನದಿಂದ ಇವತ್ತಿನವರೆಗೆ, ಸಾಲು ಸಾಲಾಗಿ, ಒಂದೇ ಕೈಬರಹ. *ಬದಲಾವಣೆ ಇಲ್ಲ. ಬದಲಾವಣೆ ಇಲ್ಲ. ಬದಲಾವಣೆ ಇಲ್ಲ.* ಕೊನೆಯ ಸಾಲಿನ ಕೆಳಗೆ, ವೈದ್ಯೆಗೆ: *ಬಲಗಿವಿ ನೋಯುತ್ತಿರುವಂತಿದೆ. ಒಳಗಿದ್ದಾಗ ಎರಡು ಸಲ ರೆಪ್ಪೆ ಅದುರಿತು. ನಿಲ್ಲಿಸುವುದು ಒಳ್ಳೆಯದು.*

"ಇದೇನಿದು?"

"ನಿಮ್ಮ ಹತ್ರ ಹೇಳ್ಬೇಕು ಅಂತಾನೇ ಇದ್ದೆ. ಆಕ್ಸಿಜನ್ನಿಂದಾನೇ ಫಿಟ್ಸ್ ಬರಬಹುದು. ರೆಪ್ಪೆ ಅದುರೋದು ಅದರ ಸೂಚನೆ ಇರಬಹುದು. ಇನ್ನು ಬೇಡ."

"ಅವಳು ಬೆರಳು ಹಿಡಿದಳು ಅಂತಿದೀನಿ!"

"ನಾನು ನೋಡಿಲ್ಲ, ಗುಬ್ಬಿ ಅಮ್ಮಾ. ನೋಡದೇ ಇರೋದನ್ನ ಬರೆಯಲಾರೆ."

"ಶುಲ್ಕ ಕೊಡದೋರ ಜಾಗ ಖಾಲಿ ಮಾಡಿಸ್ತಿದೀರಾ? ನೇರವಾಗಿ ಹೇಳಿ!" ಅವಳ ಧ್ವನಿ ಉಕ್ಕಿನ ಗೋಡೆಗೆ ಬಡಿದು ಮರಳಿತು. "ನಿಮ್ಮದೇ ಮಗು ಆಗಿದ್ರೆ ಹೀಗೆ ಬರೀತಿದ್ರಾ?"

ಅವನು ಪುಸ್ತಕ ಮುಚ್ಚಿದ.

"ನನ್ನ ಮಗು ಆಗಿದ್ರೂ ಇದನ್ನೇ ಬರೀತಿದ್ದೆ."

ಕಲ್ಲು! ಮೊದಲ ದಿನವೇ ಸರಿಯಾಗಿ ಗುರುತಿಸಿದ್ದೆ. ಮಧ್ಯೆ ಮರೆತವಳು ನಾನೇ!

ಅವಳು ಮತ್ತೆ ಆ ಕಡೆ ಹೋಗಲಿಲ್ಲ. ಹೊಲಿದ ನಿಲುವಂಗಿಗಳನ್ನು ಅಕ್ಕನ ಕೈಯಲ್ಲಿ ಕಳಿಸಿದಳು. ಗುಬ್ಬಿಯ ಬಲಗಿವಿ ಸೋರತೊಡಗಿತು. ಹತ್ತಿಯಿಂದ ಒರೆಸುವಾಗೆಲ್ಲ ಆ ಕೈಬರಹ ಕಣ್ಣ ಮುಂದೆ ಬರುತ್ತಿತ್ತು. ಬೇಕೆಂದೇ ಅದನ್ನು ಮನಸ್ಸಿನಿಂದ ಒರೆಸಿ ಹಾಕುತ್ತಿದ್ದಳು. ರಾತ್ರಿ ಹಗಲು ಮಗಳ ಅಂಗೈಯಲ್ಲಿ ಬೆರಳಿಟ್ಟು ಕಾದಳು. ಆ ಪುಟ್ಟ ಕೈ ಮತ್ತೆ ಮುಚ್ಚಲಿಲ್ಲ.

ಮೂರು ವಾರದ ನಂತರ ಅಂಗಡಿ ಬೀದಿಯಲ್ಲಿ ಒಂದು ಕರಪತ್ರ ಸಿಕ್ಕಿತು. ಹೊಸ ಆಕ್ಸಿಜನ್ ಕೇಂದ್ರ. ಅರ್ಧ ದರ. ವೈದ್ಯರ ಚೀಟಿ ಬೇಕಿಲ್ಲ.

"ಕಿವಿ ವಾಸಿ ಆಗ್ಲಿ, ಆಮೇಲೆ ನೋಡೋಣ ಕಣೇ," ಎಂದಳು ಅಕ್ಕ.

"ಆಮೇಲೆ ಆಮೇಲೆ ಅಂತ ಆರು ವರ್ಷ ಆಯ್ತು!"

ಆ ಬೆಳಗ್ಗೆ ಅವಳು ಗುಬ್ಬಿಯ ತಲೆಗೆ ಎಣ್ಣೆ ಹಚ್ಚಿದಳು. ಎಷ್ಟೋ ದಿನದ ನಂತರ. ಸಿಟ್ಟಿನಿಂದ, ಕೈತುಂಬ, ಸೋರುವಷ್ಟು. ಇನ್ನು ಯಾವ ಮೇಷ್ಟ್ರ ಹಂಗೂ ಇಲ್ಲ!

ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಮೆತ್ತನೆಯ ಸೋಫಾ, ಗೋಡೆ ತುಂಬ ನಗುವ ಮಕ್ಕಳ ಚಿತ್ರ. ಕೌಂಟರಿನ ಹುಡುಗಿ ಎದ್ದು ನಿಂತು ನಕ್ಕಳು. "ಬನ್ನಿ ಮೇಡಂ, ಅಯ್ಯೋ ಮುದ್ದು ಪುಟ್ಟಿ! ಇಲ್ಲಿ ಸಹಿ ಹಾಕಿ."

ಅವಳು ಸಹಿ ಹಾಕಲಿಲ್ಲ. ಏನನ್ನೋ ಕಾಯುತ್ತಿದ್ದಳು. ಏನೆಂದು ಅವಳಿಗೂ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು... ಒಂದು ಪ್ರಶ್ನೆಯನ್ನು ಕಾಯುತ್ತಿದ್ದಳು.

ಯಾರೂ ಕೇಳಲಿಲ್ಲ.

"ಮಗೂ ತಲೆಗೆ ಎಣ್ಣೆ ಹಚ್ಚಿದೀನಿ," ಎಂದಳು ತಾನೇ.

"ಪರವಾಗಿಲ್ಲ ಮೇಡಂ."

"ಹಾಕಿರೋದು ನೈಲಾನ್ ಬಟ್ಟೆ."

"ಎಲ್ಲಾ ನಡೆಯುತ್ತೆ."

"ಕಿವಿ ಸೋರ್ತಿದೆ. ಫಿಟ್ಸ್ ಇದೆ."

"ಅದೆಲ್ಲಾ ಇದರಿಂದಾನೇ ಸರಿಹೋಗುತ್ತೆ. ನಲವತ್ತು ಸಲದ್ದು ಒಟ್ಟಿಗೆ ಕಟ್ಟಿಬಿಟ್ರೆ ಇನ್ನೂ ರಿಯಾಯಿತಿ!"

ಅವಳಿಗೆ ಆ ದಿನ ಬಾಗಿಲಿಗೆ ಅಡ್ಡ ನಿಂತವನು ನೆನಪಾದ. ಮಗುವಿನ ಹುಬ್ಬು ಗಂಟಾದರೆ ಚಕ್ರ ನಿಲ್ಲಿಸುತ್ತಿದ್ದವನು. ನನ್ನ ಮಗು ಆಗಿದ್ರೂ... ಇಲ್ಲಿ ಎಲ್ಲರೂ ನಗುತ್ತಿದ್ದಾರೆ. ಒಬ್ಬರೂ ಗುಬ್ಬಿಯ ಮುಖ ನೋಡಿಲ್ಲ.

ಸೋಫಾದ ಇನ್ನೊಂದು ತುದಿಯಲ್ಲಿ ಯಾರೋ ತಾಯಿ, ತೊಡೆಯ ಮೇಲೆ ಮಗ. ಅವನ ಕೈಯಲ್ಲಿ ಮಿಣುಕುವ ಬೊಂಬೆ. ಗುಬ್ಬಿಯ ಅಮ್ಮ ಹತ್ತಿರ ಹೋಗಿ ಅದನ್ನು ಮೆಲ್ಲನೆ ಬಿಡಿಸಿಕೊಂಡಳು.

"ಇದರಲ್ಲಿ ಬ್ಯಾಟರಿ ಇದೆ. ಇದನ್ನ ಹಿಡ್ಕೊಂಡು ಒಳಗೆ ಹೋಗಬಾರದು ಕಣ್ರೀ. ಇದನ್ನೂ ಕೇಳದೇ ಇರೋರ ಹತ್ರ ಮಗೂನ ಕೊಡ್ಬೇಡಿ... ನನ್ನ ಮಾತು ಕೇಳಿ, ಏಳಿ."

ಆ ತಾಯಿ ಗಾಬರಿಯಿಂದ ನೋಡಿದಳು. ಕೌಂಟರಿನ ಹುಡುಗಿಯ ನಗು ಮಾಯವಾಯಿತು. ಮೆಟ್ಟಿಲಿಳಿಯುವಾಗ ತನ್ನ ಹಿಂದೆ ಇನ್ನೊಂದು ಜೊತೆ ಚಪ್ಪಲಿಯ ಸದ್ದು ಅವಳಿಗೆ ಕೇಳಿಸಿತು.

ಮಧ್ಯಾಹ್ನದ ಅಂಗಳ ಬಿಕೋ ಎನ್ನುತ್ತಿತ್ತು. ಅವನು ಪೀಪಾಯಿಯ ಗುಂಡು ಗಾಜನ್ನು ಹತ್ತಿ ಬಟ್ಟೆಯಿಂದ ಒರೆಸುತ್ತಿದ್ದ. ಅವಳು ಕಳಿಸಿದ ನಿಲುವಂಗಿಗಳು ಮಡಿಕೆ ಕೆಡದೆ ಮೇಜಿನ ಮೇಲಿದ್ದವು. ಯಾರೂ ತೊಟ್ಟಿರಲಿಲ್ಲ.

ಅವಳು ಬಾಗಿಲಲ್ಲೇ ನಿಂತಳು. "ಒಳಗೆ ಬರಲ್ಲ. ಗುಬ್ಬಿ ತಲೆಗೆ ಎಣ್ಣೆ ಹಚ್ಚಿದೀನಿ."

ಅವನು ತಿರುಗಿದ. ಬಟ್ಟೆ ಕೈಯಿಂದ ಜಾರಿತು.

"ಕಿವಿ ಹೇಗಿದೆ ಅವಳದು?"

ಮೊದಲು ಅದನ್ನೇ ಕೇಳಿದ! "ಸೋರ್ತಿದೆ... ಮೇಷ್ಟ್ರೇ, ಒಂದು ಮಾತು. ನಿಮಗೆ ಸುಳ್ಳು ಹೇಳೋಕೆ ಬರಲ್ಲ, ಅದಕ್ಕೇ ಕೇಳ್ತೀನಿ. ಅವಳು ಯಾವತ್ತೂ ತಿರುಗಿ ನೋಡಲ್ಲ, ಅಲ್ವಾ?"

ಅವನು ಕುಂಟುತ್ತ ಹತ್ತಿರ ಬಂದ.

"ಮುಂದಿಂದು ನನಗೆ ಗೊತ್ತಿಲ್ಲ. ಈ ಪೀಪಾಯಿ ಅದನ್ನ ಮಾಡಲ್ಲ. ಅಷ್ಟು ಗೊತ್ತು."

ಆರು ವರ್ಷ ತಡೆದಿಟ್ಟದ್ದೆಲ್ಲ ಒಡೆಯಿತು. ಅವಳು ಹೊಸ್ತಿಲ ಮೇಲೆ ಕುಸಿದು, ಮಗಳನ್ನು ಅಪ್ಪಿಕೊಂಡು ಸದ್ದು ಮಾಡಿ ಅತ್ತಳು. ಅವನು ಕೆಟ್ಟ ಕಾಲನ್ನು ಚಾಚಿಕೊಂಡು ಕಷ್ಟಪಟ್ಟು ಪಕ್ಕದಲ್ಲಿ ಕೂತ. ಅಳು ಮುಗಿಯುವವರೆಗೂ ಕೂತಿದ್ದ.

"ಆ ಬೆರಳು ಹಿಡಿದದ್ದು... ನನ್ನ ಭ್ರಮೆನಾ?"

"ಅದು ನಿಮ್ಮಿಬ್ಬರದು. ನಾನು ನೋಡಿದ್ರೆ ದೊಡ್ಡ ಅಕ್ಷರದಲ್ಲಿ ಬರೀತಿದ್ದೆ. ದಿನಾ ಪೆನ್ನು ಎತ್ತುವಾಗ ಬೇರೆ ಏನಾದ್ರೂ ಬರೆಯೋ ಹಾಗಾಗ್ಲಿ ಅಂತ ಬೇಡ್ಕೋತಿದ್ದೆ." ಅವನು ತನ್ನ ಅಂಗೈ ನೋಡಿಕೊಂಡ. "ಇಪ್ಪತ್ತೇಳು ಸಲ ಬದಲಾವಣೆ ಇಲ್ಲ ಅಂತ ಬರೆದೆ. ಅದು ಅವಳ ಬಗ್ಗೆ. ನನ್ನ ಬಗ್ಗೆ ಬರೆಯೋಕೆ ಆ ಪುಸ್ತಕದಲ್ಲಿ ಜಾಗ ಇರಲಿಲ್ಲ."

ಎಲ್ಲೋ ದೂರದಲ್ಲಿ ಕಬ್ಬಿಣಕ್ಕೆ ಸುತ್ತಿಗೆ ಬೀಳುವ ಸದ್ದು.

"ಇನ್ನು ಗುಬ್ಬಿಗೆ ಇಲ್ಲಿ ಕೆಲಸ ಇಲ್ಲ," ಎಂದಳು ಕೊನೆಗೆ. "ಬರೋಕೆ ನನಗೂ ನೆಪ ಇಲ್ಲ."

"ನೆಪ ಬೇಕಾ?"

"ಬೇಕು. ಅಕ್ಕ ಕೇಳ್ತಾಳೆ."

"ಹಾಗಾದ್ರೆ ನಾನೇ ಬರ್ತೀನಿ. ನಾಳೆ ಕಿವಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಕೆ."

"ಕಿವಿ ವಾಸಿ ಆದ ಮೇಲೆ?"

"ಅಷ್ಟರಲ್ಲಿ ನಿಮ್ಮಕ್ಕಂಗೆ ನಾನು ಅಭ್ಯಾಸ ಆಗಿರ್ತೀನಿ."

ಕಣ್ಣೀರಿನ ನಡುವೆ ಅವಳ ತುಟಿ ಅರಳಿತು. "ನನಗೆ ಆಗ್ಲೇ ಆಗಿದೆ," ಎಂದಳು, ಬಹಳ ಮೆಲ್ಲಗೆ.

ಅವನು ಗುಬ್ಬಿಯ ತಲೆಯತ್ತ ಕೈ ಚಾಚಿ, ಅರ್ಧದಲ್ಲೇ ತಡೆದ. ಎದ್ದು ಹೋಗಿ ಪೀಪಾಯಿಯ ಬಾಗಿಲಿಗೆ ಬೀಗ ಹಾಕಿದ. ಕೀಲಿಯನ್ನು ಮೊಳೆಗೆ ತೂಗುಹಾಕಿ ಬಂದು ಮತ್ತೆ ಕೂತ. ಹನ್ನೊಂದು ವರ್ಷದಿಂದ ಎಣ್ಣೆ ಮುಟ್ಟದ ಅಂಗೈಯನ್ನು ಆ ಪುಟ್ಟ ನೆತ್ತಿಯ ಮೇಲೆ ಇಟ್ಟ.

ಗುಬ್ಬಿ ತಿರುಗಿ ನೋಡಲಿಲ್ಲ. ಅವಳ ಕಣ್ಣು ಎಂದಿನಂತೆ ಎಲ್ಲೋ ಇದ್ದವು. ಉಸಿರು ಮಾತ್ರ ಅವನ ಕೈಕೆಳಗೆ ನಿಧಾನವಾಯಿತು.

"ಇವತ್ತು ಏನಂತ ಬರೀತೀರಾ?" ಅವಳು ಕೇಳಿದಳು.

"ಪುಸ್ತಕ ಮುಟ್ಟೋ ಹಾಗಿಲ್ಲ," ಎಂದ ಅವನು, ಕೈ ತೆಗೆಯದೆ. "ಕೈಯೆಲ್ಲಾ ಎಣ್ಣೆ."