ನೂರ ಇಪ್ಪತ್ತೇಳನೆಯ ತುಂಡು

ಬಿಚ್ಚಿದ್ದು ನೂರ ಇಪ್ಪತ್ತಾರು ತುಂಡು. ಜೋಡಿಸಲು ಬಂದದ್ದು ನೂರ ಇಪ್ಪತ್ತೇಳು. ನವ್ಯಶ್ರೀಗೆ ತಲೆ ಚಿಟ್ಟು ಹಿಡಿಯಿತು.

ಗಲ್ಫ್ ನಾಡಿನ ಫಹಾಹೀಲ್ ಕಡಲ ದಂಡೆಯ ಆ ಕಬ್ಬಿಣದ ನೆರಳುಮಂಟಪ, ಪಕ್ಕದೂರು ಅಹ್ಮದಿಯ ಆಯಿಲ್ ಕಂಪೆನಿಯ ಸಂಸಾರಗಳು ಸಂಜೆ ಗಾಳಿಗೆ ಬರುತ್ತಿದ್ದ ಕಾಲದ್ದು. ಆಗ ಇಲ್ಲಿ ಬೆಸ್ತರ ಮನೆಗಳು, ದೋಣಿಗಳು. ಈಗ ಬೆನ್ನಿಗೆ ಮಾಲ್, ಪಕ್ಕಕ್ಕೆ ಹೆದ್ದಾರಿ. ಊರು ಬೆಳೆದು ರಸ್ತೆಗೆ ಜಾಗ ಸಾಲದಾದಾಗ ಮಂಟಪವನ್ನು ಬಿಚ್ಚಿ, ತುಕ್ಕು ತೆಗೆದು, ಮೂವತ್ತು ಮೀಟರ್ ಆಚೆ ಇದ್ದ ಹಾಗೆಯೇ ನಿಲ್ಲಿಸುವ ಕೆಲಸ ನವ್ಯಶ್ರೀಯ ಕಂಪೆನಿಗೆ ಸಿಕ್ಕಿತ್ತು.

ಬಿಚ್ಚುವಾಗ ಫೋರ್‌ಮನ್ ಲತೀಶ್ ಪ್ರತಿ ತುಂಡಿನ ಒಳಮೈಗೆ ನಂಬರು ಕೊರೆದಿದ್ದ. ಅದೂ ಕನ್ನಡದ ಅಂಕಿಯಲ್ಲಿ. ಕಬ್ಬಿಣದ ಮೇಲೆ ಇಂಗ್ಲಿಷ್ ನಂಬರೂ ಅರಬಿ ನಂಬರೂ ಮೊದಲೇ ಇವೆ, ಗೊಂದಲ ಬೇಡ ಎಂಬುದು ಅವನ ನ್ಯಾಯ. ಅವನು ಸ್ಕ್ಯಾಫೋಲ್ಡಿಂಗ್ ಮೇಲೆ. ಕೆಳಗಿದ್ದ ಬಂಗಾಳಿ ಕೆಲಸಗಾರರಿಗೆ ಆ ಅಂಕಿ ಓದಲು ಬಾರದು. ಹಾಗಾಗಿ ಫರ್ವಾನಿಯಾ ಆಫೀಸಿನಲ್ಲಿ ಎ.ಸಿ.ಯ ಕೆಳಗೆ ಡ್ರಾಯಿಂಗ್ ಮಾಡುತ್ತ ಸುಖವಾಗಿದ್ದ ನವ್ಯಶ್ರೀ ಹತ್ತು ದಿನದಿಂದ ಮರಳಿನಲ್ಲಿ ನಿಂತು ನಂಬರು ಕೂಗುತ್ತಿದ್ದಳು.

ಇವತ್ತು ಕೊನೆಯ ದಿನ. ನಾಲ್ಕಕ್ಕೆ ಇನ್‌ಸ್ಪೆಕ್ಷನ್. ನಾಳೆ ಲತೀಶ್ ಎರಡು ವರ್ಷಕ್ಕೆ ದೋಹಾ ಸೈಟಿಗೆ. ಈ ಹತ್ತು ದಿನದಲ್ಲಿ ಅವನು ಚಹಾ ತಂದುಕೊಟ್ಟ, ಕೊಡೆ ಹಿಡಿದ, ಮೇಲಿನಿಂದ ಕದ್ದು ನೋಡಿ ಸಿಕ್ಕಿಬಿದ್ದು ಸ್ಪ್ಯಾನರ್ ಬೀಳಿಸಿದ. ಆಡಬೇಕಾದ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ. ಅವಳಿಗೂ ಅವನೆಂದರೆ ಇಷ್ಟ. ಸಿಟ್ಟು ಬರುತ್ತಿದ್ದದ್ದೇ ಅದಕ್ಕೆ.

"ಲತೀಶ್, ಕೆಳಗೆ ಬನ್ನಿ. ಎಂತ ಇದು?"

ಅವನು ಇಳಿದು ಬಂದ. ಅವಳ ಕೈಯಲ್ಲಿ ಬಳ್ಳಿ ಚಿತ್ತಾರದ ಜಾಲರಿ ಇತ್ತು. ಮಾದರಿ ಹಳೆಯದು, ಕಬ್ಬಿಣ ಹೊಸದು.

"ಅದು ಪಡು ಬದಿಯ ಮೂಲೆಗೆ," ಎಂದ.

"ಡ್ರಾಯಿಂಗಿನಲ್ಲಿ ಇಲ್ಲವಲ್ಲ?"

"ಅಳತೆ ತೆಗೆಯುವ ದಿವಸ ನೀವು ಆ ಮೂಲೆಯಲ್ಲಿ ಕೂತು ಬಿಸಿಲಿಗೆ ಬೈದದ್ದು ನೆನಪುಂಟಾ? ಮುಖಕ್ಕೆ ಸೀದಾ ಹೊಡೀತದೆ ಅಂತ. ಅದಕ್ಕೆ ನಾನೇ ಮಾಡಿದ್ದು."

"ಹಳೆ ಮಂಟಪಕ್ಕೆ ಹೊಸ ತುಂಡು ಸೇರಿಸಿದ್ರೆ ಇಂಜಿನಿಯರ್ ಪಾಸ್ ಮಾಡ್ತಾರಾ? ನಾಳೆಯಿಂದ ನಾನು ಇಲ್ಲಿಗೆ ಬರುವುದೂ ಇಲ್ಲ. ಯಾರಿಗೆ ನೆರಳು ಮಾರಾಯ್ರೆ?"

ಅವನು ಬೂಟಿನ ತುದಿಯಿಂದ ಮರಳು ಕೆದರಿದ.

"ಅದು ಹೋಗ್ಲಿ," ಎಂದಳು. "ಇಂಗ್ಲಿಷ್ ನಂಬರು ಹಾಕಿ ಅಡಿಯಲ್ಲಿ ಒಂದು ಗೆರೆ ಎಳೆದಿದ್ರೆ ಗೊಂದಲ ಆಗ್ತಿರ್ಲಿಲ್ಲ. ಅಷ್ಟೂ ತಲೆಗೆ ಹೊಳೀಲಿಲ್ವಾ?"

"ಹೊಳೆದಿತ್ತು."

"ಮತ್ತೆ?"

"ಹಾಗೆ ಮಾಡಿದ್ರೆ ನಿಮ್ಮನ್ನು ಕರೀಬೇಕಾಗ್ತಿರ್ಲಿಲ್ಲ."

ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗಾಯಿತು. ಬೈಯಬೇಕೆಂದು ಬಾಯಿ ತೆರೆದಳು, ಬಂದದ್ದು ನಗು. ಕಣ್ಣಲ್ಲೂ ಸ್ವಲ್ಪ ನೀರಿತ್ತು.

"ಇದಕ್ಕೆ ನೂರ ಇಪ್ಪತ್ತಾರು ತುಂಡಿಗೆ ನಂಬರು ಕೊರೀಬೇಕಿತ್ತಾ? ಬಾಯಿ ಉಂಟಲ್ಲ ನಿಮಗೆ?"

"ಬಾಯಿಬಿಟ್ಟು ಹೇಳಿದ ಮೇಲೆ ನೀವು ಬೇಡ ಅಂದ್ರೆ ಎಂತ ಮಾಡುವುದು? ನನಗೆ ನೀವು ಬೇಕು ನವ್ಯಶ್ರೀ. ಹೆದರಿಕೆ ಆಗಿತ್ತು."

ದೂರದಲ್ಲಿ ಇಂಜಿನಿಯರ್‌ನ ಬಿಳಿ ಕಾರು ತಿರುಗುವುದು ಕಂಡಿತು. ನವ್ಯಶ್ರೀ ಜಾಲರಿಯನ್ನು ಅವನ ಕೈಗೆ ತುರುಕಿದಳು.

"ಇದನ್ನು ದೋಹಾಕ್ಕೆ ತಕೊಂಡು ಹೋಗಿ, ಜಾಗ್ರತೆ ಇಡಿ. ನಾವಿಬ್ಬರು ಎಲ್ಲಿ ಮನೆ ಮಾಡ್ತೇವೋ ಅಲ್ಲಿಯ ಕಿಟಕಿಗೆ ಕೂರಿಸುವ. ಡ್ರಾಯಿಂಗ್ ನಾನು ಮಾಡ್ತೇನೆ."

ಅವನು ಜಾಲರಿಯನ್ನು ಎದೆಗವಚಿಕೊಂಡು ಪೆದ್ದನಂತೆ ನಿಂತ.

"ನಂಬರು ಮಾತ್ರ," ಎಂದಳು, "ದಯವಿಟ್ಟು ಇಂಗ್ಲಿಷಿನಲ್ಲಿ ಹಾಕಿ."