ಹನ್ನೆರಡನೆಯ ಸೂಜಿ

“ಅಯ್ಯಯ್ಯೋ... ಕೊಂದೇಬಿಟ್ರಲ್ಲಪ್ಪೋ!”

ನಲವತ್ತು ವರ್ಷ ಊರವರ ಬಟ್ಟೆಗೆಲ್ಲ ಸೂಜಿ ಚುಚ್ಚಿದ ದರ್ಜಿ ‘ಎಡಗೈ ಮಾಸ್ಟರ್’, ಕೂದಲೆಳೆಯಂಥ ಅಕ್ಯುಪಂಕ್ಚರ್ ಸೂಜಿ ಹುಬ್ಬಿಗೆ ತಾಗುವ ಮೊದಲೇ ಬೀದಿಗೆ ಕೇಳುವಂತೆ ಕೂಗಿದರು. ಪಕ್ಕದಲ್ಲಿ ನಿಂತ ಸೊಸೆ ತುಟಿ ಕಚ್ಚಿ ನಗು ನುಂಗಿದಳು. ನಗುವ ಕಾಲವೇನೂ ಆಗಿರಲಿಲ್ಲ. ಕಣ್ಣಿನ ನರ ಕೆಟ್ಟು ಮಾವನಿಗೆ ಎಲ್ಲವೂ ಮಬ್ಬಾಗಿತ್ತು. ಕತ್ತರಿಯನ್ನು ಮಾತ್ರ ಬಿಟ್ಟಿರಲಿಲ್ಲ. ಹೋದ ವಾರ ವಕೀಲರ ಕೋಟಿಗೆ ಎರಡೂ ಎಡತೋಳನ್ನೇ ಕತ್ತರಿಸಿದ್ದರು. ಇವತ್ತು ಹಟಕ್ಕೆ ತಾವೇ ಹೊಲಿದ ಹೊಸ ಅಂಗಿ ತೊಟ್ಟು ಬಂದಿದ್ದರು. ಇನ್ನೊಬ್ಬ ಗಿರಾಕಿಯ ಬಟ್ಟೆ ಹಾಳಾದರೆ ಅಂಗಡಿಗೆ ಬೀಗವೇ ಗತಿ.

ಕತ್ತರಿ ನನಗೆ ಕೊಡಿ ಎಂದು ಸೊಸೆ ಕೇಳಿದಾಗಲೆಲ್ಲ ಮಾವನದು ಒಂದೇ ಉತ್ತರ: “ನಿನಗೆ ಕತ್ತರಿ ಕೊಡೋದಾ? ಗಿರಾಕಿ ಅಂಗೀಲಿ ಗುಂಡುಸೂಜಿ ಬಿಟ್ಟವಳು ನೀನು!” ಮೂರು ವರ್ಷದ ಹಿಂದಿನ ಆ ಒಂದು ಸೂಜಿಯನ್ನು ದಿನವೂ ಅವಳಿಗೆ ಚುಚ್ಚುತ್ತಿದ್ದರು.

ಸೂಜಿ ಚಿಕಿತ್ಸೆ ಮಾಡುವ ಹೆಂಗಸು ಮೊದಲೇ ಎಚ್ಚರಿಸಿದ್ದಳು. “ಕಣ್ಣಿನ ಡಾಕ್ಟರ್ ಔಷಧಿ ಬಿಡ್ಬೇಡಿ. ಇದು ಅದರ ಜೊತೆಗೆ ಅಷ್ಟೇ. ಹೋದ ದೃಷ್ಟಿ ಬಂದೇ ಬರುತ್ತೆ ಅಂತ ನಾನು ಮಾತು ಕೊಡಲ್ಲ.”

ಅರ್ಧ ಗಂಟೆಯ ಮೇಲೆ ಸೂಜಿಗಳನ್ನು ತೆಗೆದಳು. ಮಾವ ಏಳಲಿಲ್ಲ.

“ಹನ್ನೆರಡು ಚುಚ್ಚಿದ್ರಿ, ಹನ್ನೊಂದು ತೆಗೆದ್ರಿ.”

“ಚುಚ್ಚಿದ್ದೇ ಹನ್ನೊಂದು, ಮಾಸ್ಟರೇ.”

“ಸೂಜಿ ಎಣಿಸದೆ ಒಂದು ಅಂಗೀನೂ ಕೊಟ್ಟವನಲ್ಲ ನಾನು! ಕತ್ತಿನ ಹಿಂದೆ ಇನ್ನೂ ಚುಚ್ತಿದೆ... ಮಿದುಳಿಗೆ ಇಳೀತಿದೆ! ನನ್ನ ಕಥೆ ಮುಗೀತಮ್ಮಾ!”

ಸೊಸೆ ಅವರನ್ನು ಎಬ್ಬಿಸಿ ಕೂರಿಸಿ ಕಾಲರ್ ಮೇಲೆತ್ತಿ ನೋಡಿದಳು. ಹೊಲಿಯುವಾಗ ಮಾವನೇ ತೆಗೆಯದೆ ಬಿಟ್ಟ ಗುಂಡುಸೂಜಿ! ಮೂರು ವರ್ಷದ ಮಾತಿಗೆಲ್ಲ ಉತ್ತರ ಬೆರಳ ತುದಿಯಲ್ಲಿತ್ತು; ನಾಲಿಗೆಯವರೆಗೂ ಬಂತು. ಮಾವ ಮಗುವಿನಂತೆ ಅವಳ ಸೆರಗು ಹಿಡಿದುಕೊಂಡಿದ್ದರು...

“ನನ್ನದೇ ತಪ್ಪು, ಮಾವ. ಇಸ್ತ್ರಿ ಮಾಡುವಾಗ ಸಿಕ್ಕಿಸಿ ಮರೆತೆ.”

“ಗೊತ್ತಿತ್ತು! ಇವಳ ಹಣೆಬರಹವೇ ಇಷ್ಟು! ತಡಿ, ತೆಗೀಬೇಡ.” ಅವರು ಕೈ ಹಿಂದೆ ಚಾಚಿ ಸೂಜಿಯನ್ನು ಸವರಿದರು. ಬೆರಳು ಅಲ್ಲೇ ನಿಂತಿತು. ಸೂಜಿ ಎಡಗೈಯವರು ಚುಚ್ಚುವ ಕಡೆಗೆ ಓರೆಯಾಗಿತ್ತು. ಅಂಗಡಿಯಲ್ಲಿ ಎಡಗೈಯವರು ಅವರೊಬ್ಬರೇ.

ಸೂಜಿಯನ್ನು ತಾವೇ ಕಿತ್ತು ಸೊಸೆಯ ಅಂಗೈಗಿಟ್ಟರು.

“ನಮ್ಮ ಕತ್ತರಿ ಎಡಗೈದು. ನಿನ್ನ ಕೈಗೆ ಆಗಲ್ಲ. ಹೋಗ್ತಾ ಬಲಗೈದು ಒಂದು ತಗೊಂಡೇ ಹೋಗೋಣ.”

ಸೊಸೆಯ ಕಣ್ಣು ಮಂಜಾಯಿತು.

“ಮುಂದಿನ ವಾರ ಬರ್ತೀರಾ?” ಹೆಂಗಸು ಅಳುಕುತ್ತ ಕೇಳಿದಳು.

“ಬರದೆ ಏನು? ಸೂಜಿ ಎಣಿಸೋಕೆ ಮಾತ್ರ ಇವಳೇ ಇರ್ಬೇಕು!”